ಗಾಡಿ ಮಿಸ್ ಹೊಡೆಯುವುದು ಯಾವಾಗ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಬೈಕು ಓಡಿಸಿದವರಿಗೆ ಅಲ್ಲಿನ ವೇಗ ಎಷ್ಟೆಂದು ಗೊತ್ತು. ಎಂಟನೇ ಕ್ರಾಸಿನ ಆಸುಪಾಸಿನಲ್ಲಿ ಬಾಳೆಕಂದು, ತಾವರೆ ಮೊಗ್ಗು, ಮಾರಿನ ಲೆಕ್ಕದ ಸೇವಂತಿಗೆ ಎಲ್ಲ ಫುಟ್‌ಪಾತು ದಾಟಿ ರಸ್ತೆಗೇ ಇಳಿದಿರುತ್ತವೆ. ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿಸುತ್ತ, ಒಂದು ಕಾಲು ನೆಲಕ್ಕೆ ಊರುತ್ತ, ಅರ್ಧ ಕ್ಲಚ್ಚಿನಲ್ಲಿ ತೆವಳಬೇಕು. ಅಂಥದೊಂದು ಸಂಜೆ ನನ್ನ ಹದಿನಾಲ್ಕು ವರ್ಷ ಹಳೆಯ ಬೈಕು ಮೊದಲ ಸಲ ಮಿಸ್ ಹೊಡೆಯಿತು. ಇಂಜಿನ್ನು ಒಮ್ಮೆ ತಡವರಿಸಿ, ಸೈಲೆನ್ಸರಿನಲ್ಲಿ ‘ಟಪ್’ ಎಂದು ಸದ್ದು ಮಾಡಿ, ಮತ್ತೆ ಸರಿಯಾಗಿ ಓಡತೊಡಗಿತು. ಸ್ವಲ್ಪ ಮುಂದೆ ಹೋದ ಮೇಲೆ ಮತ್ತೊಮ್ಮೆ. ಮನೆ ತಲುಪುವ ಹೊತ್ತಿಗೆ ಅದರ ಸುಳಿವೂ ಇರಲಿಲ್ಲ.

ಹಬ್ಬ ಮುಗಿದ ಮೇಲೆ ಅಡ್ಡರಸ್ತೆಯ ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ರೇಸ್ ಮಾಡಿ ನೋಡಿದ, ಒಂದು ಸುತ್ತು ಹೋಗಿ ಬಂದ. “ಗಾಡಿ ಚೆನ್ನಾಗೇ ಇದ್ಯಲ್ಲ ಸರ್” ಎಂದ. ಅವನು ಹೇಳಿದ್ದು ನಿಜ. ಆ ಹೊತ್ತಿಗೆ ಅದು ಚೆನ್ನಾಗೇ ಇತ್ತು.

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಸರಿಮಾಡುವುದು ಅಷ್ಟು ಕಷ್ಟವಲ್ಲ. ಅದು ತನ್ನ ದೋಷವನ್ನು ಹೊತ್ತುಕೊಂಡೇ ಕೂತಿರುತ್ತದೆ. ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಸಿಕ್ಕೇ ಸಿಗುತ್ತದೆ. ಬಂದು ಹೋಗುವ ದೋಷದ ಕಥೆ ಬೇರೆ. ಮೆಕ್ಯಾನಿಕ್ ಮುಟ್ಟುವಾಗ ಅದು ಇರುವುದಿಲ್ಲ, ಇರುವಾಗ ಮೆಕ್ಯಾನಿಕ್ ಇರುವುದಿಲ್ಲ. ಹಾಗಾಗಿ ಬಹಳಷ್ಟು ಕಡೆ ನಡೆಯುವುದು ಊಹೆಯ ರಿಪೇರಿ. ಮೊದಲು ಪ್ಲಗ್ ಬದಲು, ಆಮೇಲೆ ಕಾರ್ಬೊರೇಟರ್ ಕ್ಲೀನು, ಆಮೇಲೆ ಕಾಯಿಲ್, ಕೊನೆಗೆ “ಈ ಗಾಡಿ ಮಾರಿಬಿಡಿ ಸರ್” ಎಂಬ ಸಲಹೆ. ನನ್ನ ಗಾಡಿಯೂ ಈ ದಾರಿಯಲ್ಲಿ ಅರ್ಧ ಸಾಗಿತ್ತು. ಹೊಸ ಪ್ಲಗ್ ಬಂತು, ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ತೊಳೆದದ್ದಾಯಿತು. ಪ್ರತಿ ಸಲವೂ ಎರಡು ದಿನ ಸರಿಯಾಯಿತೆಂದುಕೊಂಡೆ, ಮೂರನೇ ದಿನ ಮತ್ತೆ ‘ಟಪ್’.

ಸೆಕೆಂಡಿಗೆ ಮೂವತ್ತಮೂರು ಸಲ

ಮಿಸ್ ಹೊಡೆಯುವುದು ಎಂದರೆ ಏನು? ನಾವು ದಿನವೂ ಓಡಿಸುವ ಫೋರ್ ಸ್ಟ್ರೋಕ್ ಇಂಜಿನ್ನು ನಿಮಿಷಕ್ಕೆ 4000 ಸುತ್ತು ತಿರುಗುತ್ತಿದ್ದರೆ, ಎರಡು ಸುತ್ತಿಗೊಮ್ಮೆ ಸಿಲಿಂಡರಿನೊಳಗೆ ಪೆಟ್ರೋಲು ಉರಿಯಬೇಕು. ಅಂದರೆ ಸೆಕೆಂಡಿಗೆ ಸುಮಾರು 33 ಸಲ. ಪ್ರತಿ ಸಲವೂ ಮೂರು ಸಂಗತಿಗಳು ಒಂದೇ ಕ್ಷಣಕ್ಕೆ ಕೂಡಿಬರಬೇಕು: ಸರಿಯಾದ ಹದದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲು, ಅದನ್ನು ಬಿಗಿಯಾಗಿ ಒತ್ತುವ ಕಂಪ್ರೆಷನ್ನು, ಸಕಾಲಕ್ಕೆ ಹಾರುವ ಕಿಡಿ. ಇವುಗಳಲ್ಲಿ ಯಾವುದೇ ಒಂದು ಒಮ್ಮೆ ಕೈಕೊಟ್ಟರೂ ಆ ಒಂದು ಉರಿ ತಪ್ಪುತ್ತದೆ. ಉರಿಯದ ಪೆಟ್ರೋಲು ಹಾಗೆಯೇ ಬಿಸಿ ಸೈಲೆನ್ಸರಿಗೆ ಹೋಗಿ, ಮುಂದಿನ ಉರಿಯ ಜೊತೆ ಅಲ್ಲಿ ಹೊತ್ತಿಕೊಂಡಾಗ ‘ಟಪ್’ ಎನ್ನುತ್ತದೆ.

ಒಂದೆರಡು ಮಿಸ್ ತಾನೇ ಎಂದು ಬಿಟ್ಟುಬಿಡುವುದು ಸರಿಯಲ್ಲ. ಈಗಿನ ಬೈಕುಗಳ ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಉರಿಯದ ಪೆಟ್ರೋಲು ಅದರೊಳಗೆ ಹೊತ್ತಿಕೊಂಡರೆ ಅದು ಅತಿಯಾಗಿ ಕಾದು ಹಾಳಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ರಸ್ತೆಯದು. ಬಸ್ಸಿನ ಮುಂದೆ ದಾಟಿಬಿಡುತ್ತೇನೆಂದು ಎಕ್ಸಲೇಟರ್ ತಿರುಗಿಸಿದ ಗಳಿಗೆಯಲ್ಲೇ ಇಂಜಿನ್ನು ತಡವರಿಸಿದರೆ ಏನಾಗುತ್ತದೆಂದು ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರಿಗೂ ವಿವರಿಸಬೇಕಿಲ್ಲ.

ತಪ್ಪಿದ ಪ್ರತಿ ಪೆಟ್ಟೂ ದೋಷವಲ್ಲ ಎಂಬುದನ್ನೂ ಹೇಳಬೇಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು; ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಅಲ್ಲಿಂದ ಹೊರಬಂದ ಜಾವಾ, ಆಮೇಲಿನ ಯೆಜ್ಡಿ, 1978ರ ರೋಡ್‌ಕಿಂಗ್, ಎಲ್ಲವೂ ಟೂ ಸ್ಟ್ರೋಕ್ ಗಾಡಿಗಳು. 1996ರಲ್ಲಿ ತಯಾರಿಕೆ ನಿಂತರೂ ನಮ್ಮ ಊರಿನ ರಸ್ತೆಗಳಿಂದ ಅವು ಇನ್ನೂ ಮರೆಯಾಗಿಲ್ಲ. ಐಡ್ಲಿಂಗಿನಲ್ಲಿ ನಿಂತ ಯೆಜ್ಡಿಯ ಸದ್ದು ಎಂದೂ ಒಂದೇ ಸಮ ಇರುವುದಿಲ್ಲ. ಎಕ್ಸಲೇಟರ್ ಬಿಟ್ಟಾಗ ಟೂ ಸ್ಟ್ರೋಕ್ ಇಂಜಿನ್ನಿನೊಳಗೆ ಹಿಂದಿನ ಉರಿಯ ಹೊಗೆಯೇ ಬಹುಪಾಲು ಉಳಿದುಕೊಳ್ಳುತ್ತದೆ. ಹೊಸ ಮಿಶ್ರಣ ಹೊತ್ತಿಕೊಳ್ಳುವಷ್ಟು ಸೇರಲು ಒಂದೆರಡು ಸುತ್ತು ಬೇಕು. ಹೀಗಾಗಿ ಒಂದು ಬಿಟ್ಟು ಒಂದು ಹೊಡೆಯುವುದು ಅದರ ಗುಣವೇ ಹೊರತು ರೋಗವಲ್ಲ. ಹಳೆಯ ಗಾಡಿ ಕೊಂಡ ಎಳೆಯರು ಈ ಸದ್ದನ್ನು ಸರಿಮಾಡಿಸಲು ಹೋಗಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗಿದೆ. ಎಕ್ಸಲೇಟರ್ ಕೊಟ್ಟಾಗ, ಏರು ಹತ್ತುವಾಗ ಮಿಸ್ ಹೊಡೆದರೆ ಮಾತ್ರ ಅದು ವಿಚಾರಿಸಬೇಕಾದ ಮಾತು.

ಪ್ಲಗ್ ಹೇಳುವ ಮಾತು

ಹಳೆಯ ಮೇಸ್ತ್ರಿಗಳು ಗಾಡಿ ಬಂದ ಕೂಡಲೇ ಪ್ಲಗ್ ಬಿಚ್ಚುತ್ತಿದ್ದರು. ಬದಲಿಸುವುದಕ್ಕಲ್ಲ, ಓದುವುದಕ್ಕೆ. ನಮ್ಮ ಊರಿಗೂ ಪ್ಲಗ್ಗಿಗೂ ಹಳೆಯ ನಂಟಿದೆ. ಹೈ ವೋಲ್ಟೇಜ್ ಮ್ಯಾಗ್ನೆಟೊ ಜೊತೆಗೆ ಸ್ಪಾರ್ಕ್ ಪ್ಲಗ್ಗನ್ನು 1902ರಲ್ಲಿ ರೂಪಿಸಿದವನು ಜರ್ಮನಿಯ ಬಾಷ್ ಸಂಸ್ಥೆಯ ಇಂಜಿನಿಯರ್ ಗಾಟ್‌ಲೋಬ್ ಹೊನಾಲ್ಡ್. ಅದೇ ಬಾಷ್ ಜೊತೆಗೂಡಿ 1951ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ ಮೋಟಾರ್ ಇಂಡಸ್ಟ್ರೀಸ್, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಮೈಕೊ’. ಆಡುಗೋಡಿಯ ಆ ಕಾರ್ಖಾನೆಯಲ್ಲಿ ದುಡಿದವರು ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದರು. ‘ಮೈಕೊ ಪ್ಲಗ್’ ಎನ್ನುವುದು ದೇಶದ ಉದ್ದಗಲಕ್ಕೂ ಸ್ಕೂಟರು, ಬೈಕುಗಳ ಜೊತೆ ಓಡಾಡಿದ ಹೆಸರು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ಮೈಕೊ ಲೇಔಟ್ ಮಾತ್ರ ಮೈಕೊ ಲೇಔಟಾಗಿಯೇ ಉಳಿದಿದೆ.

ಪ್ಲಗ್ಗಿನ ತುದಿಯಲ್ಲಿ, ನಡುವಿನ ಕಡ್ಡಿಯ ಸುತ್ತ ಇರುವ ಬಿಳಿ ಪಿಂಗಾಣಿಯನ್ನು ನೋಡಬೇಕು. ಅದು ಹುರಿದ ಕಾಫಿಪುಡಿಯ ತೆಳು ಬಣ್ಣದಲ್ಲಿದ್ದರೆ ಉರಿ ಸರಿಯಾಗಿದೆ. ಒಣಗಿದ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಜಿಡ್ಡುಜಿಡ್ಡಾಗಿದ್ದರೆ ಫೋರ್ ಸ್ಟ್ರೋಕಿನಲ್ಲಿ ರಿಂಗು ಅಥವಾ ವಾಲ್ವಿನ ಸೀಲು ಸವೆದು ಆಯಿಲ್ ಮೇಲೆ ಬರುತ್ತಿದೆ. ಟೂ ಸ್ಟ್ರೋಕಿನಲ್ಲಿ ಬೆರೆಸಿದ ಆಯಿಲ್ ಹೆಚ್ಚಾಗಿರಬಹುದು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಇಂಜಿನ್ನು ಅತಿಯಾಗಿ ಕಾಯುತ್ತಿದೆ.

ಸಂಪಿಗೆ ರಸ್ತೆಯಂಥ ಕಡೆ ಪ್ಲಗ್ಗಿಗೆ ಮಸಿ ಹಿಡಿಯಲು ಕಾರಣ ಬೇರೆಯೂ ಇದೆ. ಪ್ಲಗ್ಗಿನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಹದಿನೈದನೇ ಕ್ರಾಸಿನ ಮನೆಯಿಂದ ಎಂಟನೇ ಕ್ರಾಸಿಗೆ ತರಕಾರಿ ತರಲು ಮಾತ್ರ ಓಡುವ ಗಾಡಿಗೆ ಅಷ್ಟು ಕಾಯುವ ಅವಕಾಶವೇ ಸಿಗುವುದಿಲ್ಲ. ಕಟ್ಟಿದ ಮಸಿ ಕರೆಂಟನ್ನು ಹರಿಯಬಿಡುತ್ತದೆ. ಕಿಡಿಯಾಗಿ ಹಾರಬೇಕಾದ್ದು ಪಿಂಗಾಣಿಯ ಮೇಲೆ ಜಾರಿ ಸೋರಿಹೋಗುತ್ತದೆ. ಇದಕ್ಕೆ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನಮ್ಮ ಊರಿನ ಗಾಳಿಯೂ ಸೇರುತ್ತದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಕಾರ್ಬೊರೇಟರ್ ಗಾಡಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ ಅಷ್ಟೇ ಪೆಟ್ರೋಲಿಗೆ ಕಡಿಮೆ ಗಾಳಿ ಸಿಕ್ಕಿ, ಪ್ಲಗ್ ನಿಧಾನಕ್ಕೆ ಕಪ್ಪಾಗುತ್ತದೆ.

ನನ್ನ ಪ್ಲಗ್ ಕಾಫಿಪುಡಿ ಬಣ್ಣದಲ್ಲೇ ಇತ್ತು. ಆಗಲೇ ನಾನು ಅದರ ಮಾತು ಕೇಳಬೇಕಿತ್ತು. ಪೆಟ್ರೋಲಿನ ಕಡೆಯ ದೋಷವಾಗಿದ್ದರೆ ಬಣ್ಣದಲ್ಲಿ ಏನಾದರೂ ಗುರುತು ಉಳಿಯುತ್ತಿತ್ತು.

ಬಯಲಲ್ಲಿ ಹಾರುವ ಕಿಡಿಯನ್ನು ನಂಬಬಾರದು

ಗ್ಯಾರೇಜುಗಳಲ್ಲಿ ಮಾಡುವ ಇನ್ನೊಂದು ಪರೀಕ್ಷೆ ಎಲ್ಲರಿಗೂ ಗೊತ್ತು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ ಕಿಕ್ ಹೊಡೆಯುವುದು. ನೀಲಿ ಕಿಡಿ ಕಂಡರೆ “ಕರೆಂಟು ಚೆನ್ನಾಗಿದೆ” ಎಂಬ ತೀರ್ಪು. ಈ ತೀರ್ಪು ಅರ್ಧ ಸತ್ಯ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು ಅವುಗಳ ನಡುವಿನ ಅಂತರದ ಮೇಲೆ ಎಷ್ಟೋ, ಅಲ್ಲಿನ ಅನಿಲದ ಒತ್ತಡದ ಮೇಲೂ ಅಷ್ಟೇ ನಿಂತಿದೆ. ಇದನ್ನು 1889ರಲ್ಲೇ ಜರ್ಮನಿಯ ವಿಜ್ಞಾನಿ ಫ್ರೀಡ್ರಿಶ್ ಪಾಶೆನ್ ತೋರಿಸಿಕೊಟ್ಟ. ಹೊರಗಿನ ಗಾಳಿಯಲ್ಲಿ ಎರಡು ಮೂರು ಸಾವಿರ ವೋಲ್ಟಿಗೇ ಹಾರುವ ಕಿಡಿಗೆ, ಪಿಸ್ಟನ್ನು ಒತ್ತಿ ಹಿಡಿದ ಸಿಲಿಂಡರಿನೊಳಗೆ ಅದರ ಹಲವು ಪಟ್ಟು ಬೇಕಾಗುತ್ತದೆ. ಎಕ್ಸಲೇಟರ್ ಪೂರ್ತಿ ತಿರುಗಿಸಿದಾಗ ಒಳಗೆ ಬರುವ ಗಾಳಿ ಹೆಚ್ಚಿ, ಒತ್ತಡವೂ ಹೆಚ್ಚಿ, ಬೇಡಿಕೆ ಇನ್ನೂ ಏರುತ್ತದೆ. ಸೊರಗಿದ ಕಾಯಿಲ್ಲು ಬಯಲಿನಲ್ಲಿ ಚೆಂದದ ಕಿಡಿ ಕೊಟ್ಟು, ಏರು ರಸ್ತೆಯಲ್ಲಿ ಡಬಲ್ಸ್ ಹೋಗುವಾಗ ಕೈಚೆಲ್ಲುವುದು ಇದಕ್ಕೇ. ಕಿಡಿ ಕಾಣದಿದ್ದರೆ ದೋಷವಿದೆ ಎಂದು ಹೇಳಬಹುದು. ಕಂಡರೆ ದೋಷವಿಲ್ಲ ಎಂದು ಹೇಳಲಾಗದು. ಈ ಪರೀಕ್ಷೆ ಮಾಡುವವರು ಪ್ಲಗ್ಗಿನ ತೂತಿನಿಂದ ದೂರ ಹಿಡಿಯಬೇಕು. ಆ ತೂತಿನಿಂದ ಚಿಮ್ಮುವ ಪೆಟ್ರೋಲಿನ ಆವಿಗೆ ಬೆಂಕಿ ತಗುಲಬಹುದು.

ಹಾಗಾದರೆ ದೋಷವನ್ನು ಹಿಡಿಯುವುದು ಹೇಗೆ? ‘ಏನು ಕೆಟ್ಟಿದೆ’ ಎಂದು ಕೇಳುವುದನ್ನು ಸ್ವಲ್ಪ ಕಾಲ ಬಿಟ್ಟು, ‘ಯಾವಾಗ ಆಗುತ್ತದೆ’ ಎಂದು ಕೇಳಬೇಕು. ನನಗೆ ಇದನ್ನು ಹೇಳಿಕೊಟ್ಟವರು ಮಲ್ಲೇಶ್ವರದಲ್ಲಿ ಎಷ್ಟೋ ವರ್ಷದಿಂದ ಬೈಕು ಬಿಚ್ಚುತ್ತಿರುವ ಒಬ್ಬ ಹಿರಿಯ ಮೇಸ್ತ್ರಿ. ನಾನು ಕಾಯಿಲ್ ಬದಲಿಸಿಕೊಡಿ ಎಂದು ಹೋದಾಗ ಅವರು ಪಾನ ಮುಟ್ಟಲಿಲ್ಲ. “ಸ್ವಾಮಿ, ಕಾಯಿಲ್ ಜೆ.ಸಿ. ರೋಡಿನಲ್ಲಿ ಸಿಗತ್ತೆ. ಯಾವಾಗ ಮಿಸ್ ಹೊಡೆಯುತ್ತೆ ಅನ್ನೋದು ಅಲ್ಲಿ ಸಿಗಲ್ಲ. ಅದು ನಿಮ್ಮ ಹತ್ತಿರಾನೇ ಇರೋದು. ಹದಿನೈದು ದಿನ ಬರೆದಿಟ್ಟುಕೊಂಡು ಬನ್ನಿ” ಎಂದರು.

ಯಾವಾಗ ಎಂಬುದರಲ್ಲಿ ಎಷ್ಟೆಲ್ಲ ಅಡಗಿದೆ ನೋಡಿ. ಮನೆಯಿಂದ ಹೊರಟು ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಮಿಸ್ ಹೊಡೆದು ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುವ ಗಾಡಿಯಿದೆ ಎನ್ನಿ. ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಹುಸ್’ ಎಂದು ಗಾಳಿ ಒಳಗೆ ನುಗ್ಗಿ, ಗಾಡಿ ಸರಿಹೋದರೆ ಮುಚ್ಚಳದ ಸಣ್ಣ ತೂತು ಕಟ್ಟಿಕೊಂಡಿದೆ. ಪೆಟ್ರೋಲು ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕೇ ಪೆಟ್ರೋಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಟ್ಯಾಂಕು ತುಂಬಿಸಿದ ದಿನವೇ ಈ ತೊಂದರೆ ಬೇಗ ಕಾಣುತ್ತದೆ, ಏಕೆಂದರೆ ಆಗ ಮೇಲೆ ಇರುವ ಗಾಳಿಯ ಜಾಗ ಕಡಿಮೆ. ಪಿನ್ನಿನಿಂದ ಒಮ್ಮೆ ಚುಚ್ಚಿ ತೆಗೆದರೆ ಮುಗಿಯುವ ಕೆಲಸಕ್ಕೆ ಕಾರ್ಬೊರೇಟರನ್ನೇ ಬದಲಿಸಿದವರಿದ್ದಾರೆ.

ಗಾಡಿ ಕಾದ ಮೇಲಷ್ಟೇ ಮಿಸ್ ಹೊಡೆದು, ಮುಚ್ಚಳ ತೆಗೆದರೂ ಸರಿಹೋಗದೆ, ತಣ್ಣಗಾದ ಮೇಲೆ ಸರಿಹೋದರೆ ಕಾಯಿಲ್ ಅಥವಾ ಕಿಡಿಯ ಹೊತ್ತನ್ನು ತಿಳಿಸುವ ಪಿಕಪ್ ಕಾಯಿಲ್ಲನ್ನು ಸಂಶಯಿಸಬೇಕು. ಇವುಗಳೊಳಗೆ ಕೂದಲೆಳೆಯಂಥ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ಎಲ್ಲೋ ಬಿರುಕು ಬಿಟ್ಟ ಎಳೆ ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಂಡು, ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಮಿಸ್ ಹೊಡೆಯುವ ಹೊತ್ತಿನಲ್ಲೇ ಕಾಯಿಲ್ಲಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಗೊತ್ತಾಗಿಬಿಡುತ್ತದೆ. ಟ್ಯಾಪೆಟ್ ಬಿಗಿಯಾಗಿದ್ದರೂ ಇದೇ ಲಕ್ಷಣ: ಬಿಸಿಗೆ ಹಿಗ್ಗಿದ ವಾಲ್ವು ಪೂರ್ತಿ ಮುಚ್ಚದೆ ಕಂಪ್ರೆಷನ್ನು ಸೋರುತ್ತದೆ. ಮಳೆಯಲ್ಲಿ, ಗಾಡಿ ತೊಳೆದ ಮೇಲೆ ಮಾತ್ರ ಆಗುವುದಾದರೆ ಪ್ಲಗ್ ಕ್ಯಾಪು ಮತ್ತು ಅದಕ್ಕೆ ಬರುವ ದಪ್ಪ ವೈರು. ರಾತ್ರಿ ಕತ್ತಲಲ್ಲಿ ಗಾಡಿ ಸ್ಟಾರ್ಟ್ ಮಾಡಿ ಆ ವೈರಿನ ಮೇಲೆ ನೀರು ಚಿಮುಕಿಸಿ, ಮುಟ್ಟದೆ ದೂರ ನಿಂತು ನೋಡಿ. ಬಿರುಕಿದ್ದರೆ ನೀಲಿ ಎಳೆಯೊಂದು ವೈರಿನಿಂದ ಇಂಜಿನ್ನಿನ ಮೈಗೆ ತೆವಳುವುದು ಕಣ್ಣಿಗೇ ಕಾಣುತ್ತದೆ.

ಎಕ್ಸಲೇಟರ್ ಎಷ್ಟು ತಿರುಗಿಸಿದಾಗ ಎಂಬುದೂ ದೊಡ್ಡ ಸುಳಿವು. ಹಿಡಿಕೆಗೆ ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗೆರೆ ಎಳೆಯಿರಿ. ಶುರುವಿನಲ್ಲೇ ತಡವರಿಸಿದರೆ ಕಾರ್ಬೊರೇಟರಿನ ಚಿಕ್ಕ ಜೆಟ್ಟು, ನಡುವಿನಲ್ಲಾದರೆ ಸೂಜಿ, ಪೂರ್ತಿ ತಿರುಗಿಸಿದಾಗಾದರೆ ದೊಡ್ಡ ಜೆಟ್ಟು ಅಥವಾ ಟ್ಯಾಪಿನಿಂದ ಬರುವ ಪೆಟ್ರೋಲಿನ ಕೊರತೆ. ಯಾವ ಗೆರೆಗೂ ಕಟ್ಟುಬೀಳದೆ ಎಲ್ಲೆಂದರಲ್ಲಿ, ಸ್ವಿಚ್ ಆರಿಸಿ ಹಾಕಿದಂತೆ ಚಟ್ಟನೆ ಬಂದು ಚಟ್ಟನೆ ಹೋದರೆ ಅದು ಹೆಚ್ಚಾಗಿ ಕರೆಂಟಿನದು. ಪೆಟ್ರೋಲಿನ ದೋಷ ಸಾಮಾನ್ಯವಾಗಿ ಉಸಿರುಕಟ್ಟಿದಂತೆ ನಿಧಾನಕ್ಕೆ ಬರುತ್ತದೆ.

ನೀರಿನ ಮಾತು

ಈಚೆಗೆ ಯಾವ ಗ್ಯಾರೇಜಿಗೆ ಹೋದರೂ ಕೇಳುವ ಮಾತು “ಎಲ್ಲ ಎಥೆನಾಲ್ ಮಹಿಮೆ ಸರ್” ಎಂಬುದು. ಶೇಕಡಾ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ ನಡೆದ ಇಂಧನ ಸಪ್ತಾಹದಲ್ಲಿ. ಹಳೆಯ ಗಾಡಿಗಳಿಗೆ ಇದರಿಂದ ತೊಂದರೆಯೇ ಇಲ್ಲ ಎನ್ನುವವರ ಮಾತನ್ನೂ, ಎಲ್ಲ ದೋಷವೂ ಇದರದೇ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಬರಿಯ ಪೆಟ್ರೋಲಿಗೆ ಒಂದು ಪಾಲಿಗೆ ಹದಿನಾಲ್ಕೂವರೆ ಪಾಲಿನಷ್ಟು ಗಾಳಿ ಬೇಕಾದರೆ ಎಥೆನಾಲಿಗೆ ಒಂಬತ್ತು ಪಾಲು ಸಾಕು. ಹಾಗಾಗಿ ಹಳೆಯ ಜೆಟ್ಟುಗಳ ಕಾರ್ಬೊರೇಟರಿನಲ್ಲಿ ಮಿಶ್ರಣ ತುಸು ತೆಳುವಾಗುತ್ತದೆ. ಮೊದಲೇ ತೆಳುವಾಗಿದ್ದ ಗಾಡಿ ತಡವರಿಸಬಹುದು. ಹಳೆಯ ರಬ್ಬರ್ ಪೈಪು, ಸೀಲುಗಳೂ ಬೇಗ ಸೋಲಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು. ಬರಿಯ ಪೆಟ್ರೋಲು ನೀರನ್ನು ಸೇರಿಸಿಕೊಳ್ಳುವುದೇ ಇಲ್ಲ ಎನ್ನಬಹುದು. ಎಥೆನಾಲ್ ಸೇರಿಸಿಕೊಳ್ಳುತ್ತದೆ, ಆದರೆ ಒಂದು ಮಿತಿಯವರೆಗೆ. ಮಿತಿ ದಾಟಿತೆಂದರೆ ನೀರೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಮಳೆಯಲ್ಲಿ ಬಯಲಿಗೆ ನಿಲ್ಲಿಸಿದ, ಮುಚ್ಚಳದ ರಬ್ಬರು ಗಟ್ಟಿಯಾದ ಗಾಡಿಗೆ ಈ ಅಪಾಯ ಹೆಚ್ಚು. ಕಂಡುಹಿಡಿಯಲು ಯಂತ್ರ ಬೇಕಿಲ್ಲ. ತಣ್ಣಗಿರುವ ಗಾಡಿಯ ಕಾರ್ಬೊರೇಟರಿನ ಬುಡದ ಸ್ಕ್ರೂ ಸಡಿಲಿಸಿ, ಒಳಗಿನದನ್ನು ಗಾಜಿನ ಸಣ್ಣ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಅಲುಗಿಸದೆ ಇಡಿ. ಹತ್ತಿರ ಎಲ್ಲೂ ಬೆಂಕಿ, ಸಿಗರೇಟು ಇರಬಾರದು. ತಳದಲ್ಲಿ ಬೇರೆ ಪದರವೋ, ಪಾದರಸದಂತೆ ಉರುಳುವ ಗುಂಡುಗಳೋ ಕಂಡರೆ ಅದು ನೀರು. ಕೆಂಪು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ನನ್ನ ಬಾಟಲಿಯಲ್ಲಿ ಎರಡೂ ಇರಲಿಲ್ಲ.

ಹತ್ತೊಂಬತ್ತು ದಿನದ ಚೀಟಿ

ಮೇಸ್ತ್ರಿ ಹೇಳಿದಂತೆ ಬರೆದಿಡತೊಡಗಿದೆ. ದಿನ, ಹೊತ್ತು, ಜಾಗ, ಗಾಡಿ ಕಾದಿತ್ತೇ ತಣ್ಣಗಿತ್ತೇ, ಮಳೆಯಿತ್ತೇ, ಟ್ಯಾಂಕಿನಲ್ಲಿ ಎಷ್ಟಿತ್ತು. ಹತ್ತೊಂಬತ್ತು ದಿನದಲ್ಲಿ ಹನ್ನೊಂದು ಸಲ ಮಿಸ್. ಎಂಟು ಸಲ ಸಂಪಿಗೆ ರಸ್ತೆ ಮತ್ತು ಅದರ ಅಡ್ಡರಸ್ತೆಗಳಲ್ಲಿ. ಒಂದು ಭಾನುವಾರ ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಹೋಗಿ ಬಂದೆ, ಒಂದು ಸಲವೂ ಇಲ್ಲ. ನಿಧಾನಕ್ಕೆ ಹೋಗುವಾಗ ಆಗುತ್ತದೆ, ಜೋರಾಗಿ ಹೋಗುವಾಗ ಇಲ್ಲ. ಹಾಗಾದರೆ ಚಿಕ್ಕ ಜೆಟ್ಟೇ ಇರಬೇಕೆಂದು ನನ್ನ ಮನಸ್ಸು ಮತ್ತೆ ಕಾರ್ಬೊರೇಟರಿನ ಕಡೆಗೇ ವಾಲಿತು.

ಅದನ್ನು ತಪ್ಪಿಸಿದ್ದು ಒಂದೇ ಒಂದು ಸಾಲು. ಹದಿನೇಳನೇ ದಿನ ಬೆಳಿಗ್ಗೆ, ಗಾಡಿ ಪೂರ್ತಿ ತಣ್ಣಗಿದ್ದಾಗ, ಮನೆಯ ಗೇಟಿನಿಂದ ಹೊರಗೆ ತಿರುಗಿಸುವಾಗಲೇ ‘ಟಪ್’ ಎಂದಿತ್ತು. ಬಿಸಿಯಿಲ್ಲ, ಮಳೆಯಿಲ್ಲ, ಟ್ರಾಫಿಕ್ಕಿಲ್ಲ. ಮೇಸ್ತ್ರಿ ಚೀಟಿಯನ್ನು ಎರಡು ಸಲ ಓದಿದರು. ಆ ಸಾಲಿನ ಮೇಲೆ ಬೆರಳಿಟ್ಟು, “ಗೇಟಿಂದ ಯಾವ ಕಡೆ ತಿರುಗಿಸ್ತೀರಿ?” ಎಂದು ಕೇಳಿದರು.

“ಬಲಕ್ಕೆ.”

ಅವರು ಗಾಡಿಯನ್ನು ಅಂಗಡಿಯ ಹೊರಗೆ ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಸ್ಟಾರ್ಟ್ ಮಾಡಿ, ಐಡ್ಲಿಂಗಿನಲ್ಲಿ ಬಿಟ್ಟು, ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಏನೂ ಆಗಲಿಲ್ಲ. ಪೂರ್ತಿ ಬಲಕ್ಕೆ ತಿರುಗಿಸಿ ಹಿಡಿದರು. ಇಂಜಿನ್ನು ತಡವರಿಸಿತು. ನೇರ ಮಾಡಿದರು, ಸರಿಹೋಯಿತು. ಮತ್ತೆ ಬಲಕ್ಕೆ, ಮತ್ತೆ ‘ಟಪ್’. ಹತ್ತು ಸಲ ತಿರುಗಿಸಿದರೆ ಏಳು ಸಲ ಬಂತು. ತಿಂಗಳುಗಟ್ಟಲೆ ಆಟವಾಡಿಸಿದ ದೋಷ ಈಗ ಕರೆದಾಗ ಬರುವಂತಾಗಿತ್ತು. (ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ನು ತಡವರಿಸುವ ಬದಲು ಜೋರಾದರೆ ಅದು ಎಕ್ಸಲೇಟರ್ ಕೇಬಲ್ ಬಿಗಿಯಾಗಿರುವ ಗುರುತು. ಅದನ್ನೂ ಕೂಡಲೇ ಸರಿಮಾಡಿಸಬೇಕು.)

ಮಲ್ಟಿಮೀಟರ್ ತಂದರು. ಬ್ಯಾಟರಿಯಲ್ಲಿ 12.6 ವೋಲ್ಟ್. ಕಿಡಿ ಕೊಡುವ ಸಿಡಿಐ ಡಬ್ಬಿಗೆ ಬರುವ ವೈರಿನಲ್ಲಿ ಹ್ಯಾಂಡಲ್ ನೇರವಿದ್ದಾಗ 12.2. ಬಲಕ್ಕೆ ತಿರುಗಿಸಿದಾಗ ಅಂಕಿಗಳು 7ಕ್ಕೂ 12ಕ್ಕೂ ನಡುವೆ ಕುಣಿದವು. ಬ್ಯಾಟರಿಯಿಂದ ಹೊರಟ ಕರೆಂಟು ಕೀಲಿಯ ಸ್ವಿಚ್ಚಿಗೆ ಬಂದು, ಅಲ್ಲಿಂದ ಸಿಡಿಐಗೆ ಹೋಗಬೇಕು. ಕೀಲಿ ಹ್ಯಾಂಡಲಿನ ಜೊತೆ ತಿರುಗುತ್ತದೆ, ಸಿಡಿಐ ಚಾಸಿಸ್ಸಿನಲ್ಲಿ ಕೂತಿರುತ್ತದೆ. ನಡುವಿನ ವೈರು ಪ್ರತಿ ತಿರುವಿನಲ್ಲೂ ಬಾಗಲೇಬೇಕು. ಹೆಡ್‌ಲೈಟು ಬಿಚ್ಚಿ ನೋಡಿದರೆ, ಹಿಂದೆ ಎಂದೋ ಹಾರ್ನ್ ರಿಪೇರಿ ಮಾಡಿದಾಗ ವೈರಿನ ಕಟ್ಟನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಬಾಗಲು ಜಾಗವಿಲ್ಲದೆ ಒಂದೇ ಬಿಂದುವಿನಲ್ಲಿ ವರ್ಷಗಟ್ಟಲೆ ಮಡಚಿದ್ದ ವೈರಿನ ಹೊರಗಿನ ಪ್ಲಾಸ್ಟಿಕ್ಕು ಹೊಚ್ಚ ಹೊಸದರಂತಿತ್ತು. ಮೇಸ್ತ್ರಿ ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ ಹುಡುಕಿದರು. ವೈರನ್ನು ಉದ್ದಕ್ಕೂ ಹಿಸುಕುತ್ತ ಬಂದು, ಮೆತ್ತಗೆ ಸಿಕ್ಕ ಕಡೆ ನಿಲ್ಲಿಸಿ, ಬ್ಲೇಡಿನಿಂದ ಸೀಳಿದರು. ಒಳಗೆ ಹಸಿರು ಪುಡಿ. ತಾಮ್ರದ ಎಳೆಗಳಲ್ಲಿ ಮೂರು ಮಾತ್ರ ಉಳಿದಿದ್ದವು, ಅವೂ ಹ್ಯಾಂಡಲ್ ಬಲಕ್ಕೆ ಹೋದಾಗ ಸಡಿಲಾಗುತ್ತಿದ್ದವು.

ಸಂಪಿಗೆ ರಸ್ತೆಯಲ್ಲಿ ಕಾಡಿದ್ದು ನಿಧಾನದ ವೇಗವಲ್ಲ, ಹೂವಿನ ಬುಟ್ಟಿಗಳ ನಡುವೆ ನುಸುಳಲು ನಾನು ಹ್ಯಾಂಡಲ್ ತಿರುಗಿಸುತ್ತಿದ್ದುದು. ನೆಲಮಂಗಲದ ನೇರ ದಾರಿಯಲ್ಲಿ ಆ ವೈರಿಗೆ ಕೆಲಸವೇ ಇರಲಿಲ್ಲ. ಚೀಟಿಯಲ್ಲಿ ಜಾಗದ ಹೆಸರು ಬರೆಯದಿದ್ದರೆ, ಗೇಟಿನ ಆ ಒಂದು ಸಾಲನ್ನು ‘ಇದೇನೋ ಒಂದು ಸಲ’ ಎಂದು ಬಿಟ್ಟಿದ್ದರೆ, ನಾನು ಕಾಯಿಲ್ ಕೊಂಡಿರುತ್ತಿದ್ದೆ, ಆಮೇಲೆ ಸಿಡಿಐ ಕೊಂಡಿರುತ್ತಿದ್ದೆ. ಹೊಸದನ್ನು ಹಾಕುವಾಗ ವೈರು ಅಲುಗಾಡಿ ನಾಲ್ಕು ದಿನ ಸರಿಹೋಗಿ, ಅದೇ ಕಾರಣವೆಂದು ನಂಬಿಯೂ ಇರುತ್ತಿದ್ದೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ವಾರವಾದರೂ ಓಡಿಸಿ ನೋಡಬೇಕು ಎನ್ನುವುದು ಇದಕ್ಕೇ.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಮಟ್ಟಿಗೆ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ದೀಪ ಹೊತ್ತಿಕೊಂಡು ದೋಷದ ಕೋಡ್ ಸಿಗುತ್ತದೆ. ಇದು ದೊಡ್ಡ ಅನುಕೂಲವೇ. ಆದರೆ ಆ ಕೋಡ್ ಹೇಳುವುದು ಯಾವ ಸೆನ್ಸರಿನಿಂದ ಬಂದ ಮಾಹಿತಿ ತಪ್ಪಾಗಿದೆ ಎಂದು ಮಾತ್ರ. ಸೆನ್ಸರ್ ಕೆಟ್ಟಿದೆಯೋ, ಅದರ ಕನೆಕ್ಟರಿನಲ್ಲಿ ನೀರು ಕೂತಿದೆಯೋ, ವೈರು ಸವೆದಿದೆಯೋ ಅದಕ್ಕೆ ತಿಳಿಯದು. ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಮೆತ್ತಿ, ಗುಂಡಿ ಹಾರಿಸಿದಾಗಲೆಲ್ಲ ಇಂಜಿನ್ನು ಕಡಿದುಕೊಳ್ಳುವ ಹೊಸ ಗಾಡಿಗಳನ್ನೂ ನೋಡಿದ್ದೇನೆ. ‘ಯಾವಾಗ’ ಎಂಬ ಪ್ರಶ್ನೆ ಅಲ್ಲೂ ತಪ್ಪುವುದಿಲ್ಲ.

ಮೇಸ್ತ್ರಿ ಆ ಜಾಗದಲ್ಲಿ ಗೇಣುದ್ದ ಹೊಸ ವೈರು ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದರೂ ಎಳೆಯದಂತೆ ಸಡಿಲವಾಗಿ ಕಟ್ಟಿದರು. ಇಪ್ಪತ್ತು ನಿಮಿಷದ ಕೆಲಸ. “ನೂರೈವತ್ತು ಕೊಡಿ ಸ್ವಾಮಿ” ಎಂದರು. ಅದಕ್ಕೆ ಮುಂಚೆ ಪಾರ್ಟ್ಸಿಗೂ ಕ್ಲೀನಿಂಗಿಗೂ ನಾನು ಬೇರೆ ಕಡೆ ಸಾವಿರದ ಎಂಟುನೂರು ಕೊಟ್ಟಿದ್ದೆ. ಅಲ್ಲಿ ಯಾರೂ ನನಗೆ ಮೋಸ ಮಾಡಿರಲಿಲ್ಲ. ನಾವು ಹೊಸ ಭಾಗಕ್ಕೆ ಚಕಾರವೆತ್ತದೆ ದುಡ್ಡು ಕೊಡುತ್ತೇವೆ, ಒಂದು ಗಂಟೆ ಕೂತು ಯೋಚಿಸಿದ್ದಕ್ಕೆ ಕೊಡುವುದಿಲ್ಲ. ಹಾಗಿರುವಾಗ ಮೆಕ್ಯಾನಿಕ್ ಭಾಗವನ್ನೇ ಬದಲಿಸುತ್ತಾನೆ. ನಾನು ಐನೂರು ಕೊಟ್ಟೆ. ಹುಡುಕಿದ್ದಕ್ಕೆ ಎಂದು ಹೇಳಿಯೇ ಕೊಟ್ಟೆ.

ನಿಮ್ಮ ಗಾಡಿ ಹೀಗೆ ಬಂದು ಹೋಗುವ ಮಿಸ್ ಹೊಡೆಯುತ್ತಿದ್ದರೆ ಗ್ಯಾರೇಜಿನಲ್ಲಿ “ಸ್ವಲ್ಪ ಮಿಸ್ಸಿಂಗ್ ಇದೆ, ನೋಡಿ” ಎಂದಷ್ಟೇ ಹೇಳಿ ಕೀಲಿ ಕೊಟ್ಟು ಬರಬೇಡಿ. ಹದಿನೈದು ದಿನದ ಚೀಟಿಯನ್ನು ಕೀಲಿಯ ಜೊತೆಗೆ ಕೊಡಿ. ಅದನ್ನು ಓದುವ ಮೇಸ್ತ್ರಿ ಸಿಕ್ಕರೆ, ಅವರು ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟು ಬನ್ನಿ.